ಗೋಲ್ ಬಿಟ್ಟು ಹೊರಗೆ ಬಂದವನು: ಜಾಕ್ ಪ್ಲಾಂಟ್‌ನಿಂದ ನಾನು ಕಲಿತ ಕೋಚಿಂಗ್

ನಾನು ಆಡುತ್ತಿದ್ದ ಕಾಲದಲ್ಲಿ ಹಾಕಿ ಗೋಲ್‌ಕೀಪರ್‌ಗೆ ಅಂತ ಬೇರೆ ಕೋಚಿಂಗ್ ಏನೂ ಇರಲಿಲ್ಲ. "ಹೋಗು, ಪ್ಯಾಡ್ ಕಟ್ಕೋ" ಅನ್ನುತ್ತಿದ್ದರು, ಅಷ್ಟೇ. ಆಮೇಲೆ ಇಡೀ ಟೀಮ್ ಸಾಲಾಗಿ ನಿಂತು ಹೊಡೆಯುತ್ತಿತ್ತು. ಅವರಿಗೆ ಶೂಟಿಂಗ್ ಪ್ರಾಕ್ಟೀಸ್, ನಮಗೆ ಮೈಯೆಲ್ಲ ನೀಲಿ. ತಡೆದರೆ ಯಾರೂ ಏನೂ ಹೇಳುತ್ತಿರಲಿಲ್ಲ. ಬಿಟ್ಟರೆ ಎಲ್ಲರೂ ಬೈಯುತ್ತಿದ್ದರು. ಗೋಲ್ ಯಾಕಾಯಿತು ಅನ್ನುವುದು ಬೈಯುವವರಿಗೂ ಗೊತ್ತಿರುತ್ತಿರಲಿಲ್ಲ, ಬೈಸಿಕೊಳ್ಳುವವರಿಗೂ ಗೊತ್ತಿರುತ್ತಿರಲಿಲ್ಲ.

ಈಗ ಬೆಂಗಳೂರಿನ ಒಂದು ಅಕಾಡೆಮಿಯಲ್ಲಿ ನಾನು ಗೋಲ್‌ಕೀಪರ್‌ಗಳಿಗೆ ಮಾತ್ರ ಕಲಿಸುತ್ತೇನೆ. ಬೇರೆ ಕೆಲಸ ಇಲ್ಲ. ಹುಡುಗರಲ್ಲಿ ಕೊಡಗಿನವರು ಜಾಸ್ತಿ, ಒಂದಿಬ್ಬರು ಹಾಸನದ ಕಡೆಯವರು, ಉಳಿದವರು ಇಲ್ಲಿಯವರೇ. ಎಲ್ಲರ ಬಾಯಲ್ಲೂ ಭಾರತದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಹೆಸರು. ನಾನು ಮಾತ್ರ ಅವರಿಗೆ ಆಗಾಗ ಇನ್ನೊಬ್ಬನ ಕಥೆ ಹೇಳುತ್ತಿರುತ್ತೇನೆ. ಅವನು ಆಡಿದ್ದು ನಮ್ಮ ಹಾಕಿಯೇ ಅಲ್ಲ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಹೆಸರು ಜಾಕ್ ಪ್ಲಾಂಟ್, ಊರು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ.

ಐಸ್ ಹಾಕಿಗೂ ನಮಗೂ ಏನು ಸಂಬಂಧ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಅವರು ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ, ಅಂದರೆ ಪಕ್, ಸುಮಾರು 170 ಗ್ರಾಂ ತೂಗುತ್ತದೆ. ನಮ್ಮ ಚೆಂಡು 156ರಿಂದ 163 ಗ್ರಾಂ. ಎರಡೂ ಕಲ್ಲಿನಷ್ಟೇ ಗಟ್ಟಿ. ಅವರ ಗೋಲ್ 6 ಅಡಿ ಅಗಲ, 4 ಅಡಿ ಎತ್ತರ. ನಮ್ಮದು 12 ಅಡಿ ಅಗಲ, 7 ಅಡಿ ಎತ್ತರ. ಅವರು ಸ್ಕೇಟ್ ಮೇಲೆ ನಿಲ್ಲುತ್ತಾರೆ, ನಾವು ನೀರು ಹಾಯಿಸಿದ ಟರ್ಫ್ ಮೇಲೆ. ಇಷ್ಟು ಬಿಟ್ಟರೆ ಕೆಲಸ ಒಂದೇ. ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಬರಬೇಕು, ಯಾವಾಗ ಸುಮ್ನೆ ಇರಬೇಕು, ಇಷ್ಟೇ.

ಪ್ಲಾಂಟ್ ಹುಟ್ಟಿದ್ದು 1929ರ ಜನವರಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ದೊಡ್ಡವನು. ಮನೆಯಲ್ಲಿ ದುಡ್ಡಿಗೆ ಬರ. ಚಿಕ್ಕಂದಿನಿಂದ ಉಬ್ಬಸ. ಜಾಸ್ತಿ ಹೊತ್ತು ಸ್ಕೇಟಿಂಗ್ ಮಾಡಿದರೆ ಉಸಿರು ಸಿಗುತ್ತಿರಲಿಲ್ಲ, ಹಾಗಾಗಿ ಗೋಲ್‌ನಲ್ಲಿ ನಿಂತ. ನಮ್ಮಲ್ಲೂ ಹಾಗೇ ಅಲ್ವಾ? ಓಡಲಾಗದವನು, ದಪ್ಪಗಿರುವವನು, ಟೀಮ್‌ಗೆ ಕೊನೆಗೆ ಸೇರಿದವನು ಗೋಲ್‌ಗೆ. ಅಮ್ಮನಿಂದ ಉಣ್ಣೆ ಹೆಣೆಯುವುದನ್ನು ಕಲಿತಿದ್ದ. ದೊಡ್ಡ ಆಟಗಾರನಾದ ಮೇಲೂ ತನ್ನ ಟೋಪಿ ತಾನೇ ಹೆಣೆದುಕೊಳ್ಳುತ್ತಿದ್ದ. 1953ರಿಂದ 1963ರವರೆಗೆ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದಲ್ಲಿದ್ದು ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್‌ಗೆ ಕೊಡುವ ಸ್ಟ್ಯಾನ್ಲಿ ಕಪ್ ಆರು ಸಲ ಗೆದ್ದ. ಅದರಲ್ಲಿ 1956ರಿಂದ 1960ರವರೆಗೆ ಐದು ವರ್ಷ ಬಿಡದೆ ಗೆದ್ದಿದ್ದು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್‌ಗೆ ಗೋಲಿ ಅನ್ನುತ್ತಾರೆ; ಅತಿ ಕಡಿಮೆ ಗೋಲ್ ಬಿಟ್ಟ ತಂಡದ ಗೋಲಿಗೆ ಆಗ ಕೊಡುತ್ತಿದ್ದ ವೆಜಿನಾ ಟ್ರೋಫಿ ಒಟ್ಟು ಏಳು ಸಲ ಅವನಿಗೆ ಸಿಕ್ಕಿತು. ಕಪ್, ಟ್ರೋಫಿಗಳ ಮಾತು ಇಷ್ಟು ಸಾಕು.

ನನಗೆ ಬೇಕಾದದ್ದು ಬೇರೆ. ಆ ಕಾಲದಲ್ಲಿ ಗೋಲಿ ಅಂದರೆ ಎರಡು ಕಂಬಗಳ ನಡುವೆ ಅಂಟಿಕೊಂಡು ನಿಲ್ಲುವವನು. ಪ್ಲಾಂಟ್ ಹೊರಗೆ ಬರುತ್ತಿದ್ದ. ಪಕ್ ಗೋಲ್ ಹಿಂದೆ ಹೋದರೆ ತಾನೇ ಹೋಗಿ ನಿಲ್ಲಿಸಿ ತನ್ನ ಡಿಫೆಂಡರ್‌ಗೆ ಬಿಟ್ಟುಕೊಡುತ್ತಿದ್ದ. ಐಸಿಂಗ್ (ಎದುರಾಳಿ ತನ್ನ ಅರ್ಧದಿಂದಲೇ ಹೊಡೆದ ಪಕ್ ಈ ಕಡೆಯ ಗೋಲ್ ಗೆರೆ ದಾಟುವ ತಪ್ಪು) ಆಗುತ್ತದೆ ಅನಿಸಿದರೆ ಕೈ ಎತ್ತಿ ಹುಡುಗರಿಗೆ ತೋರಿಸುತ್ತಿದ್ದ. ಖಾಲಿ ಗೋಲ್ ನೋಡಿ ಜನರಿಗೆ ಎದೆ ಧಸಕ್ ಅನ್ನುತ್ತಿತ್ತು. ಕೋಚ್ ಟೋ ಬ್ಲೇಕ್‌ಗೂ ಇವನ ರೀತಿ ಸುಲಭಕ್ಕೆ ಒಗ್ಗಲಿಲ್ಲ. ಟೊರಾಂಟೊಗೆ ಹೋದಾಗ ಉಬ್ಬಸ ಬರುತ್ತದೆ ಅಂತ ಟೀಮ್ ಜೊತೆ ಇರದೆ ಬೇರೆ ಹೋಟೆಲ್‌ನಲ್ಲಿ ಉಳಿಯುತ್ತಿದ್ದ. ಇದನ್ನೂ ಬ್ಲೇಕ್ ಸಹಿಸಿಕೊಳ್ಳಬೇಕಿತ್ತು.

ಆಮೇಲೆ ಮಾಸ್ಕ್. 1959ರ ನವೆಂಬರ್ 1, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆ್ಯಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್‌ನ ಮುಖಕ್ಕೆ ಬಡಿಯಿತು. ಆಗೆಲ್ಲ ಗೋಲಿಗಳು ಬರಿ ಮುಖದಲ್ಲೇ ಆಡುತ್ತಿದ್ದರು. ಟೀಮ್ ಜೊತೆ ಎರಡನೇ ಗೋಲಿ ಬರುತ್ತಿರಲಿಲ್ಲ. ಗಾಯವಾದರೆ ಆಟ ನಿಲ್ಲಿಸುವುದು, ಹೊಲಿಗೆ ಹಾಕುವುದು, ಅವನನ್ನೇ ವಾಪಸ್ ಕಳಿಸುವುದು. ಪ್ಲಾಂಟ್ ಹೊಲಿಗೆ ಹಾಕಿಸಿಕೊಂಡು, ಮಾಸ್ಕ್ ಇಲ್ಲದೆ ಇಳಿಯಲ್ಲ ಅಂದ. ಪ್ರಾಕ್ಟೀಸ್‌ನಲ್ಲಿ ಅದಕ್ಕೂ ಮುಂಚೆಯೇ ಫೈಬರ್‌ಗ್ಲಾಸ್ ಮಾಸ್ಕ್ ಹಾಕುತ್ತಿದ್ದ, ಮ್ಯಾಚ್‌ನಲ್ಲಿ ಬ್ಲೇಕ್ ಬಿಟ್ಟಿರಲಿಲ್ಲ. ಅವತ್ತು ಬೇರೆ ಗೋಲಿ ಇಲ್ಲ, ಬಿಡದೆ ದಾರಿಯಿಲ್ಲ. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಆಮೇಲೆ 18 ಪಂದ್ಯ ಸೋಲಲೇ ಇಲ್ಲ. 1960ರ ಮಾರ್ಚ್‌ನಲ್ಲಿ ಬ್ಲೇಕ್ ಮಾತಿಗೆ ಒಂದು ಪಂದ್ಯ ಮಾಸ್ಕ್ ಇಲ್ಲದೆ ಆಡಿದ. ಡೆಟ್ರಾಯ್ಟ್ ವಿರುದ್ಧ 3-0 ಸೋಲು. ಮರು ಪಂದ್ಯಕ್ಕೆ ಮಾಸ್ಕ್ ವಾಪಸ್, ಆ ವಾದವೂ ಅಲ್ಲಿಗೆ ಮುಗಿಯಿತು.

ಹೆದರಿಕೆಯಾ ಅಂತ ಕೇಳಿದವರಿಗೆ, ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರಿದರೆ ಅದು ಧೈರ್ಯವಾ ಅಂತ ತಿರುಗಿ ಕೇಳಿದನಂತೆ. ಉತ್ತರ ರೆಡಿ ಇತ್ತು ನೋಡಿ. ಇದೇ ನನಗೆ ಮುಖ್ಯ. ಬೇರೆಯವರು ಎಲ್ಲರ ಹಾಗೆ ಆಡುತ್ತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಇವನು ಮಾಡಿದ್ದೆಲ್ಲ ಬೇರೆ. ಹಾಗಾಗಿ ಪ್ರತಿಯೊಂದಕ್ಕೂ ಯಾಕೆ, ಯಾಕೆ, ಯಾಕೆ. ಕೋಚ್ ಕೇಳುತ್ತಾರೆ, ಪತ್ರಿಕೆಯವರು ಕೇಳುತ್ತಾರೆ, ಗ್ಯಾಲರಿಯಿಂದ ಕೂಗುತ್ತಾರೆ. ಉತ್ತರ ಹೇಳಿ ಹೇಳಿ ತನ್ನ ಕೆಲಸ ಪೂರ್ತಿ ಮಾತಿಗೆ ಬಂತು. ಮುಂದೆ ಕಲಿಸಲು ಹೋದಾಗ ಅವನ ಜೊತೆ ಬಂದಿದ್ದು ಆ ಉತ್ತರಗಳೇ. ಕೈಯ ವೇಗ ವಯಸ್ಸಿನ ಜೊತೆ ಹೋಗುತ್ತದೆ, ಹೋಗಲೇಬೇಕು.

ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕೆಲವು ಊರುಗಳ ಗೋಲ್‌ನಲ್ಲಿ ಮೇಲಿನ ಅಡ್ಡಪಟ್ಟಿಯ ಎತ್ತರ ಬೇರೆ ಇದೆ ಅಂತ ಪ್ಲಾಂಟ್ ಹಟ ಹಿಡಿದ. ಎಲ್ಲರೂ ನಕ್ಕರು. ಕೊನೆಗೆ ಅಳತೆ ಪಟ್ಟಿ ಹಿಡಿದು ನೋಡಿದರೆ ಅವನು ಹೇಳಿದ್ದೇ ಸರಿ. ಇದು ಬರೀ ಕಣ್ಣಿನ ಚುರುಕಲ್ಲ. ತಾನು ನಿಂತ ಜಾಗವನ್ನು ಅಷ್ಟು ಲೆಕ್ಕ ಹಾಕಿ ನೋಡುತ್ತಿದ್ದ ಅಂತ ಅರ್ಥ.

ನನ್ನ ಕೆಲಸದ ಒಂದು ತುಣುಕು ಹೇಳುತ್ತೇನೆ. ಹೊಸ ಹುಡುಗ ಬಂದರೆ ಮೊದಲ ವಾರ ನಾನು ಚೆಂಡು ಹೊಡೆಸುವುದೇ ಇಲ್ಲ. ಎರಡು ಹಗ್ಗ ತರುತ್ತೇನೆ. ಒಂದೊಂದು ಕಂಬದ ಬುಡಕ್ಕೆ ಒಂದೊಂದು ಕಟ್ಟುತ್ತೇನೆ. ಇನ್ನೊಂದು ತುದಿಗಳನ್ನು ಗೋಲ್ ಮುಂದಿನ ಅರ್ಧವೃತ್ತದ, ಅಂದರೆ ಡಿ ಅಂಚಿನಲ್ಲಿ ಒಂದು ಚೆಂಡಿನ ಹತ್ತಿರ ಸೇರಿಸಿ ಬಿಗಿಯಾಗಿ ಎಳೆದು ಕಾಲಡಿ ಒತ್ತಿ ಹಿಡಿಯುತ್ತೇನೆ. ಹುಡುಗ ಗೋಲ್ ಗೆರೆಯ ಮೇಲೆ ನಿಂತರೆ ಹಗ್ಗಗಳು ಅವನಿಂದ ಆಚೆ ಈಚೆ ಎಷ್ಟೋ ದೂರ. ಅಷ್ಟೂ ಖಾಲಿ ಜಾಗ. ಎರಡು ಹೆಜ್ಜೆ ಮುಂದೆ ಬಾ ಅನ್ನುತ್ತೇನೆ. ಹಗ್ಗ ಹತ್ತಿರ ಬರುತ್ತದೆ. ಇನ್ನೆರಡು ಹೆಜ್ಜೆ. ಈಗ ಕೈ, ಕಾಲು ಚಾಚಿದರೆ ಎರಡೂ ಹಗ್ಗ ಮುಟ್ಟುತ್ತದೆ. ಹುಡುಗನ ಮುಖ ಅರಳುತ್ತದೆ. ಆಮೇಲೆ ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಚೆಂಡನ್ನು ಅವನಿಗೆ ತಳ್ಳುತ್ತೇನೆ. ಈಗ ಹಿಂದೆ ಗೋಲ್ ಪೂರ್ತಿ ಬಯಲು. ಮುಖ ಬಾಡುತ್ತದೆ.

"ಹಾಗಾದ್ರೆ ಎಷ್ಟು ಮುಂದೆ ಬರ್ಬೇಕು ಸರ್?"

"ಪಾಸ್ ಯಾರಿಗೆ ಹೋಗ್ಬಹುದು ನೋಡು. ಆಮೇಲೆ ನೀನೇ ಹೇಳು."

ಇಲ್ಲಿಂದ ಪಾಠ ಶುರು. ಇಷ್ಟು ಹೆಜ್ಜೆ ಅಂತ ನಾನು ಹೇಳಿಬಿಟ್ಟರೆ ಅವತ್ತಿಗೆ ಸಾಕು, ನಾಳೆ ಬೇರೆ ಕೋನದಿಂದ ಬಂದರೆ ಅವನ ಹತ್ತಿರ ಏನೂ ಇರುವುದಿಲ್ಲ. ಗೋಲ್ ಬಿಟ್ಟಾಗಲೂ ಅಷ್ಟೇ, ಯಾಕೋ ಬಿಟ್ಟೆ ಅಂತ ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಹುಡುಗರು "ಸಾರಿ ಸರ್" ಅನ್ನುತ್ತಾರೆ, ಅದರಿಂದ ಯಾರಿಗೂ ಪ್ರಯೋಜನ ಇಲ್ಲ. ಎಲ್ಲಿ ನಿಂತಿದ್ದೆ, ಚೆಂಡು ಸ್ಟಿಕ್ ಬಿಟ್ಟಿದ್ದು ಕಂಡಿತಾ, ಭಾರ ಯಾವ ಕಾಲಿನ ಮೇಲಿತ್ತು ಅಂತ ಕೇಳುತ್ತೇನೆ. ಅದೂ ತಕ್ಷಣ ಅಲ್ಲ. ಗೋಲ್ ಆದ ಕೂಡಲೇ ಕೀಪರ್ ಹತ್ತಿರ ಹೋಗಿ ಮಾತಾಡುವ ಡಿಫೆಂಡರ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ. ಸ್ವಲ್ಪ ನೀರು ಕುಡಿಯಲಿ ಪಾಪ.

ಮತ್ತೆ ಪ್ಲಾಂಟ್‌ಗೆ ಬರೋಣ. 1963ರಲ್ಲಿ ಮಾಂಟ್ರಿಯಲ್ ಅವನನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ಕೊಟ್ಟಿತು. 1965ರಲ್ಲಿ ನಿವೃತ್ತಿ. 1968ರಲ್ಲಿ ಸೇಂಟ್ ಲೂಯಿಸ್ ಬ್ಲೂಸ್ ತಂಡಕ್ಕೆ ವಾಪಸ್ ಬಂದ. ಅಲ್ಲಿ ಜೊತೆಗಿದ್ದವನು ಗ್ಲೆನ್ ಹಾಲ್. ಮಾಸ್ಕ್ ಇಲ್ಲದೆ 502 ಪಂದ್ಯ ಸತತವಾಗಿ ಆಡಿದವನು, ಪ್ರತಿ ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದವನು. ಒಬ್ಬನಿಗೆ 40, ಇನ್ನೊಬ್ಬನಿಗೆ 37. ಇಬ್ಬರೂ ಸೇರಿ 1969ರ ವೆಜಿನಾ ಗೆದ್ದರು. ಹಾಲ್ ಕೂಡ ಮುಂದೆ ಗೋಲಿಗಳಿಗೆ ಕೋಚ್ ಆದ.

1970ರಲ್ಲಿ ಪ್ಲಾಂಟ್ ಟೊರಾಂಟೊಗೆ ಬಂದ. ಆ ಸೀಸನ್‌ನಲ್ಲಿ ವಯಸ್ಸು 42 ತುಂಬಿತು, ಪಂದ್ಯಕ್ಕೆ ಬಿಟ್ಟ ಗೋಲ್ ಸರಾಸರಿ 1.88, ಲೀಗ್‌ನಲ್ಲೇ ಎಲ್ಲರಿಗಿಂತ ಕಡಿಮೆ. ಆ ಸೀಸನ್ ನಡುವೆಯೇ ಫಿಲಡೆಲ್ಫಿಯಾದಿಂದ 25 ವರ್ಷದ ಬರ್ನಿ ಪೇರೆಂಟ್ ಬಂದು ಸೇರಿದ. ಪೇರೆಂಟ್ ಮಾಂಟ್ರಿಯಲ್ ಹುಡುಗ. ಪ್ಲಾಂಟ್‌ನ ತಂಗಿ ಇದ್ದದ್ದು ಪೇರೆಂಟ್ ಮನೆಯ ಪಕ್ಕದಲ್ಲೇ. ತಂಗಿಯ ಮನೆಗೆ ಬಂದು ಹೋಗುತ್ತಿದ್ದ ಈ ದೊಡ್ಡ ಗೋಲಿಯನ್ನು ಕಣ್ಣರಳಿಸಿ ನೋಡುತ್ತಾ ಬೆಳೆದವನು ಈಗ ಅವನದೇ ಡ್ರೆಸ್ಸಿಂಗ್ ರೂಮಿನಲ್ಲಿ.

ಆಫೀಸಿನ ಲೆಕ್ಕದಲ್ಲಿ ನೋಡಿ. ವಯಸ್ಸಾದ ಉದ್ಯೋಗಿ, ಅದೇ ಕುರ್ಚಿಗೆ ಬಂದ ಚಿಕ್ಕ ವಯಸ್ಸಿನವನು. ಸಾಮಾನ್ಯವಾಗಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಕೇಳಿದರೆ ಅರ್ಧ ಹೇಳುತ್ತಾರೆ, ಉಳಿದರ್ಧ ಜೇಬಿನಲ್ಲಿ. ಪ್ಲಾಂಟ್ ಹಾಗೆ ಮಾಡಲಿಲ್ಲ. ಕೋನ ಹೇಗೆ ಮುಚ್ಚಬೇಕು, ಕಾಲು ಹೇಗಿಡಬೇಕು, ಹೊಡೆಯುವವನನ್ನು ಹೇಗೆ ಓದಬೇಕು, ಎಲ್ಲ ಹೇಳಿಕೊಟ್ಟ. ನನಗೆ ಆಟ ಅರ್ಥವಾಗಿದ್ದೇ ಅಲ್ಲಿ ಅಂತ ಪೇರೆಂಟ್ ಆಮೇಲೆ ಬದುಕಿಡೀ ಹೇಳುತ್ತಿದ್ದ. 1973ರಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್‌ಗೆ ವಾಪಸ್ ಹೋದ ಪೇರೆಂಟ್ 1974, 1975 ಎರಡು ವರ್ಷವೂ ಸ್ಟ್ಯಾನ್ಲಿ ಕಪ್ ಗೆದ್ದ. ಎರಡು ವರ್ಷವೂ ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ಸೀಸನ್ ಕೊನೆಗೆ ಆಡುವ ಪಂದ್ಯಗಳ, ಅತ್ಯುತ್ತಮ ಆಟಗಾರ ಅವನೇ.

ಇದನ್ನು ಓದಿ ಪ್ಲಾಂಟ್ ಬಹಳ ದೊಡ್ಡ ಮನಸ್ಸಿನವನು ಅಂದುಕೊಳ್ಳಬೇಡಿ. ಜೊತೆಗಾರರ ಪ್ರಕಾರ ಅವನು ಒಂಟಿ, ದುಡ್ಡಿನಲ್ಲಿ ಬಿಗಿ, ತನ್ನ ಬಗ್ಗೆ ಹೆಮ್ಮೆ ಜಾಸ್ತಿ. ನನ್ನ ಲೆಕ್ಕದಲ್ಲಿ ಅವನು ಕಲಿಸಿದ್ದು ಒಳ್ಳೆಯತನದಿಂದ ಅಲ್ಲ, ವಿವರಿಸುವ ಚಟದಿಂದ. ಕೇಳುವ ಕಿವಿ ಸಿಕ್ಕರೆ ಬಿಡುತ್ತಿರಲಿಲ್ಲ. ಕೋಚ್‌ಗಳನ್ನು ಆರಿಸುವಾಗ ನಾವು ಒಳ್ಳೆಯ ಸ್ವಭಾವ ನೋಡುತ್ತೇವೆ. ಈ ಚಟ ಇದೆಯಾ ಅಂತ ಯಾರೂ ನೋಡುವುದಿಲ್ಲ. ಚಹಾ ಕುಡಿಯುವಾಗ ಬಿಸ್ಕತ್ತು ಜೋಡಿಸಿ ಪೆನಾಲ್ಟಿ ಕಾರ್ನರ್ ತೋರಿಸುವವನನ್ನು ಮೊದಲು ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ ನನ್ನ ವಾದ.

ಆ ಚಟ ಎಲ್ಲಿಯವರೆಗೆ ಹೋಯಿತು ಅಂದರೆ ಎದುರಾಳಿಗೂ ಹೇಳಿಕೊಟ್ಟ. 1972ರ ಸೆಪ್ಟೆಂಬರ್ 2. ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ಎಂಟು ಪಂದ್ಯಗಳ ಸರಣಿ, ಮೊದಲನೆಯದು ಮಾಂಟ್ರಿಯಲ್‌ನಲ್ಲಿ. ಸೋವಿಯತ್ ಗೋಲಿ ವ್ಲಾಡಿಸ್ಲಾವ್ ಟ್ರೆಟಿಯಾಕ್, ವಯಸ್ಸು 20. ಪಂದ್ಯಕ್ಕೆ ಮುಂಚೆ ಪ್ಲಾಂಟ್ ಒಬ್ಬ ದುಭಾಷಿಯನ್ನು ಕರೆದುಕೊಂಡು ನೇರ ಸೋವಿಯತ್ ಡ್ರೆಸ್ಸಿಂಗ್ ರೂಮಿಗೆ ಹೋದ. ಬೋರ್ಡ್ ಮೇಲೆ ಬರೆದು, ಮಹೋವ್ಲಿಚ್ ಹೇಗೆ ಹೊಡೆಯುತ್ತಾನೆ, ಕುರ್ನುವಾಯೆ ಹೇಗೆ, ಎಸ್ಪೊಸಿಟೊ ಹೇಗೆ ಅಂತ ಒಬ್ಬೊಬ್ಬರದೇ ವಿವರಿಸಿದ. ಈ ಹುಡುಗನನ್ನು ಕೆನಡಾದವರು ನುಚ್ಚುನೂರು ಮಾಡುತ್ತಾರೆ ಅಂತ ಪಾಪ ಅನಿಸಿತ್ತೇನೋ, ಯಾಕೆಂದರೆ ಕೆನಡಾದಲ್ಲಿ ಎಲ್ಲರ ಎಣಿಕೆಯೂ ಅದೇ ಇತ್ತು. ಅವತ್ತು ಸೋವಿಯತ್ 7-3ರಿಂದ ಗೆದ್ದಿತು. ಸರಣಿ ಮಾತ್ರ ಕೊನೆಗೆ ಕೆನಡಾದ್ದೇ ಆಯಿತು. ಟ್ರೆಟಿಯಾಕ್ ಈ ಉಪಕಾರವನ್ನು ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ತಾನೂ ಮುಂದೆ 1990ರಲ್ಲಿ ಶಿಕಾಗೊ ತಂಡದ ಗೋಲಿ ಕೋಚ್ ಆದ. ಅವನ ಕೈಯಲ್ಲಿ ಕಲಿತ ಎಡ್ ಬೆಲ್ಫೋರ್ ಗುರುವಿನ ಮೇಲಿನ ಗೌರವಕ್ಕೆ ಗುರುವಿನದೇ 20ನೇ ನಂಬರ್ ಜೆರ್ಸಿ ಹಾಕಿಕೊಂಡು ಆಡಿದ.

ಇದನ್ನು ಮಾಡಬಹುದಿತ್ತಾ? ನಾನಾಗಿದ್ದರೆ ಪಂದ್ಯದ ದಿನ ಹೋಗುತ್ತಿರಲಿಲ್ಲ. ಸರಣಿ ಮುಗಿದ ಮೇಲೆ ಹೋಗುತ್ತಿದ್ದೆ.

ಇಷ್ಟೆಲ್ಲ ಕಲಿಸಿದ್ದು ಯಾವ ಹುದ್ದೆಯೂ ಇಲ್ಲದೆ. ಹುದ್ದೆ ಸಿಕ್ಕಿದ್ದು 1973ರಲ್ಲಿ. ಕ್ವಿಬೆಕ್ ನಾರ್ಡಿಕ್ಸ್ ತಂಡಕ್ಕೆ ಮುಖ್ಯ ಕೋಚ್ ಮತ್ತು ಜನರಲ್ ಮ್ಯಾನೇಜರ್, ಎರಡೂ ಅವನೇ. 38 ಗೆಲುವು, 36 ಸೋಲು, 4 ಡ್ರಾ. ಕೆಟ್ಟದ್ದೇನಲ್ಲ, ಆದರೆ ಪ್ಲೇಆಫ್‌ಗೆ ಹೋಗಲಿಲ್ಲ. ಒಂದೇ ಸೀಸನ್‌ಗೆ ಬಿಟ್ಟ. ಬಿಟ್ಟು ಎಲ್ಲಿಗೆ ಹೋದ ಅಂದರೆ, ವಾಪಸ್ ಗೋಲ್‌ಗೆ! 1974-75ರಲ್ಲಿ ಎಡ್ಮಂಟನ್ ಆಯ್ಲರ್ಸ್ ಪರ ಆಡಿದ, ಆಡುವಾಗ 46 ತುಂಬಿತು.

ಮುಖ್ಯ ಕೋಚ್ ಕೆಲಸವೇ ಬೇರೆ. ಯಾರನ್ನು ಕೂರಿಸಬೇಕು, ಯಾರನ್ನು ಮಾರಬೇಕು, ಯಾರ ಮುನಿಸು ಇಳಿಸಬೇಕು, ಬಸ್ಸು ಎಷ್ಟು ಹೊತ್ತಿಗೆ. ಒಬ್ಬನ ಪಕ್ಕ ಕೂತು ಕೋನದ ಬಗ್ಗೆ ಗಂಟೆಗಟ್ಟಲೆ ಮಾತಾಡುವವನಿಗೆ ಇದು ಒಗ್ಗುವುದು ಕಷ್ಟ. ನಮ್ಮ ಆಫೀಸು, ಫ್ಯಾಕ್ಟರಿಗಳಲ್ಲೂ ಇದೇ ಕಥೆ. ಕೆಲಸ ಚೆನ್ನಾಗಿ ಬರುವವನನ್ನು ಮ್ಯಾನೇಜರ್ ಮಾಡುತ್ತೇವೆ. ಅವನು ಕೆಲಸವನ್ನೂ ಬಿಟ್ಟ, ಮ್ಯಾನೇಜರ್ ಆಗಿಯೂ ನಿಲ್ಲಲಿಲ್ಲ ಅಂತಾಗುತ್ತದೆ. ನಡುವೆ ಇನ್ನೊಂದು ಜಾಗ ಇರಬೇಕು, ಕಲಿಸುವವನ ಜಾಗ. ಅದಕ್ಕೆ ಸಂಬಳವೂ ಮರ್ಯಾದೆಯೂ ಬೇಕು.

ಗೋಲಿಗಳಿಗೆ ಮುಖ್ಯ ಕೋಚ್ ಕೆಲಸ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪ್ಯಾಟ್ರಿಕ್ ರಾಯ್ ಕೊಲರಾಡೊ ತಂಡಕ್ಕೆ ಮುಖ್ಯ ಕೋಚ್ ಆದ ಮೊದಲ ಸೀಸನ್‌ನಲ್ಲೇ, 2013-14ರಲ್ಲಿ, ಲೀಗ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿ ತಗೊಂಡ. ನಮ್ಮ ಶ್ರೀಜೇಶ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಕಂಚಿನೊಂದಿಗೆ ಆಟ ಮುಗಿಸಿ ನೇರ ಜೂನಿಯರ್ ಪುರುಷರ ತಂಡದ ಕೋಚ್ ಆದರು. ಹಿಂದೆ ನಿಂತು ಇಡೀ ಮೈದಾನ ನೋಡುವವನು ಕೀಪರ್ ಒಬ್ಬನೇ, ಅದು ಅವನಿಗಿರುವ ಲಾಭ. ಆದರೆ ನೋಡುವುದು ಬೇರೆ, ಇಪ್ಪತ್ತು ಜನರನ್ನು ಹಿಡಿದಿಡುವುದು ಬೇರೆ.

ನಮ್ಮಲ್ಲಿ ಮುಖ್ಯ ಕೋಚ್ ಜಾಗ ಖಾಲಿಯಾದಾಗ ನನ್ನ ಹೆಸರೂ ಬಂತು. ಬೇಡ ಅಂದೆ. ಸಂಬಳದಲ್ಲಿ ಒಳ್ಳೆ ವ್ಯತ್ಯಾಸ ಇತ್ತು. ಮನೆಯಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.

ಪ್ಲಾಂಟ್‌ಗೆ ಸರಿಯಾದ ಕೆಲಸ ಸಿಕ್ಕಿದ್ದು 1970ರ ದಶಕದ ಕೊನೆಯಲ್ಲಿ, ಫ್ಲೈಯರ್ಸ್ ತಂಡದಲ್ಲಿ, ಗೋಲಿಗಳ ಕೋಚ್ ಆಗಿ. ಆಗ ಅಂಥ ಹುದ್ದೆಯೇ ಅಪರೂಪ. ಇವತ್ತು ಎನ್‌ಎಚ್‌ಎಲ್‌ನ ಪ್ರತಿ ತಂಡಕ್ಕೂ ಗೋಲಿ ಕೋಚ್ ಇದ್ದಾನೆ. ಫ್ಲೈಯರ್ಸ್‌ನಲ್ಲಿ ಪ್ಲಾಂಟ್‌ಗೆ ಮತ್ತೆ ಸಿಕ್ಕವನು ಪೇರೆಂಟ್. 1979ರ ಫೆಬ್ರವರಿಯಲ್ಲಿ ಒಂದು ಪಂದ್ಯದಲ್ಲಿ ಸ್ಟಿಕ್ ತುದಿ ಮಾಸ್ಕ್‌ನ ಕಣ್ಣಿನ ತೂತಿನಿಂದ ಒಳಗೆ ಹೋಗಿ ಪೇರೆಂಟ್ ಆಟ ನಿಂತಿತು. ಅವನೂ ಗೋಲಿ ಕೋಚ್ ಆದ. ಸ್ವೀಡನ್‌ನಿಂದ ಬಂದ ಪೆಲ್ಲೆ ಲಿಂಡ್‌ಬರ್ಗ್‌ಗೆ ಚಿಕ್ಕಂದಿನಿಂದ ಪೇರೆಂಟ್ ಅಂದರೆ ಪ್ರಾಣ. ಪೇರೆಂಟ್ ಹತ್ತಿರವೇ ಕಲಿತು 1985ರಲ್ಲಿ ವೆಜಿನಾ ಗೆದ್ದ. ಅದೇ ವರ್ಷ ನವೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಪ್ಲಾಂಟ್ 1986ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಜಿನೀವಾದಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ಹೋದ.

ಟೊರಾಂಟೊದ ಆ ಡ್ರೆಸ್ಸಿಂಗ್ ರೂಮಿನ ಪದ್ಧತಿಯನ್ನು ನಾನು ನಮ್ಮಲ್ಲೂ ತಂದಿದ್ದೇನೆ. ದೊಡ್ಡ ಕೀಪರ್ ಚಿಕ್ಕ ಕೀಪರ್‌ಗೆ ಹಗ್ಗದ ಪಾಠ ಮಾಡಬೇಕು. ಇಬ್ಬರೂ ಒಂದೇ ಜಾಗಕ್ಕೆ ಪೈಪೋಟಿಯಲ್ಲಿದ್ದರೂ ಸರಿ. ಹೇಳಿಕೊಡುವಾಗ ದೊಡ್ಡವನಿಗೇ ತನ್ನ ಆಟ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಯಾಕೆ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ.

ತಂದೆಯೊಬ್ಬರಿಗೆ ಇದು ಹಿಡಿಸಲಿಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ಬಂದು ನಿಂತರು.

"ಸರ್, ನನ್ನ ಮಗ ಕಷ್ಟಪಟ್ಟು ಕಲ್ತಿದ್ದನ್ನ ಅವನ ಎದುರಾಳಿಗೆ ಯಾಕೆ ಹೇಳ್ಕೊಡ್ಬೇಕು? ನಾವೇನು ಫೀಸ್ ಕಟ್ಟಲ್ವಾ?"

"ಎದುರಾಳಿ ಅಲ್ಲ ಸರ್, ಜೊತೆಗಾರ. ಅವ್ನಿಗೆ ಹೇಳ್ಕೊಡೋಕೆ ಬಂದ ದಿನದಿಂದ ನಿಮ್ಮ ಮಗ ಕಮ್ಮಿ ಗೋಲ್ ಬಿಡ್ತಿದಾನೆ. ನೀವೇ ನೋಡ್ತಿದೀರಲ್ಲ."

ಅವರು ಒಪ್ಪಲಿಲ್ಲ. ಪ್ಲಾಂಟ್, ಪೇರೆಂಟ್ ಕಥೆಯನ್ನೂ ಹೇಳಿದೆ. ಕೊನೆಗೆ ಆ ಮುದುಕನ ಜಾಗ ಆ ಹುಡುಗನೇ ತಗೊಂಡ ತಾನೇ ಅಂದರು. ಅದಕ್ಕೆ ನಾನು, ಇಲ್ಲ ಸರ್, ಪ್ಲಾಂಟ್ ಅಲ್ಲಿ 1973ರವರೆಗೂ ಆಡಿದ, ಪೇರೆಂಟ್ 1972ರಲ್ಲೇ ಬಿಟ್ಟು ಬೇರೆ ಲೀಗ್‌ಗೆ ಹೋಗಿದ್ದ ಅಂದೆ. ಅವರು ಬೈಕ್ ಹತ್ತಿದರು. ಕಳೆದ ಟ್ರಯಲ್ಸ್‌ನಲ್ಲಿ ಚಿಕ್ಕವನು ಆಯ್ಕೆಯಾದ, ಇವರ ಮಗ ಸ್ಟ್ಯಾಂಡ್‌ಬೈ. ತಂದೆ ನನ್ನ ಜೊತೆ ಈಗ ಮಾತಾಡುವುದಿಲ್ಲ. ಹುಡುಗ ಬರುತ್ತಾನೆ, ಹಗ್ಗ ಕಟ್ಟುತ್ತಾನೆ, ಚಿಕ್ಕವನನ್ನು ಬೈಯುತ್ತಾನೆ, ಅವನೂ ತಿರುಗಿ ಬೈಯುತ್ತಾನೆ. ಮುಂದಿನ ಟ್ರಯಲ್ಸ್‌ಗೆ ಇಬ್ಬರ ಹೆಸರೂ ಕಳಿಸಿದ್ದೇನೆ.